ಅಂಕವಿಲ್ಲದ ಒಂದನೇ ತರಗತಿ

ಜೂನ್ ೧, ಶನಿವಾರ

ಪ್ರೀತಿಯ ತಂಗಿ,

ಆಶೀರ್ವಾದಗಳು. ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರವಿಲ್ಲವೆಂದು ಮುಖ ಊದಿಸಿಕೊಂಡು ಕೂತಿರಬೇಡ. ಹೊಸ ಶಿಕ್ಷಣ ನೀತಿ ಬಂದಮೇಲೆ ಉಸಿರಾಡಲೂ ಪುರುಸೊತ್ತಿಲ್ಲ. ಚಿಕ್ಕ ತರಗತಿಗಳಿಗೆ ಇನ್ನು ಪರೀಕ್ಷೆಯಿಲ್ಲ, ಅಂಕವಿಲ್ಲ; ಮನೆಮಾತಿನಲ್ಲಿ, ಆಟವಾಡಿಸುತ್ತ ಕಲಿಸಬೇಕು. ಮುಖ್ಯೋಪಾಧ್ಯಾಯಿನಿಯಾಗಿ ನಾನು ಇಷ್ಟು ವರ್ಷ ಕಾದಿದ್ದು ಇದಕ್ಕೇ. ಆದರೆ ಅದೇ ನೀತಿಯ ಇನ್ನೊಂದು ಮುಖ ಕೇಳು: ಒಂದನೇ ತರಗತಿ ತುಂಬದಿದ್ದರೆ ನಮ್ಮ ಶಾಲೆ ಮುಚ್ಚಿ, ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ.

ಹೋದ ವರ್ಷವೇ ಪ್ರಯೋಗಕ್ಕೆಂದು ಅಂಕ ಬಿಟ್ಟು, ಪ್ರತಿ ಮಗುವಿನ ಬಗ್ಗೆ ಕೆಲವು ಸಾಲು ಬರೆದು ಮನೆಗೆ ಕಳಿಸಿದ್ದೆ. ಏನಾಯಿತು ಗೊತ್ತೇ? ಬೀದಿಯವರೆಲ್ಲ ಸಾಲು ಎಣಿಸತೊಡಗಿದರು. ಬಸ್ ಡ್ರೈವರ್ ಸೀದಾ ಆಫೀಸಿಗೇ ಬಂದ. “ಟೀಚರ್, ಟೈಲರ್ ಮಗಳಿಗೆ ಎಂಟು ಸಾಲು, ನನ್ ಮಗನಿಗೆ ಐದೇ. ಅವನೇನು ಅಷ್ಟು ದಡ್ಡನಾ?” ಆ ಎಂಟರಲ್ಲಿ ಬಹುಪಾಲು ಅವಳ ತಂಟೆಯದ್ದೇ ಎಂದರೂ ನಂಬಲಿಲ್ಲ. ಈಗ ಎಲ್ಲರಿಗೂ ಅಳೆದು ತೂಗಿ ಒಂದೇ ಸಮ ಬರೆಯುತ್ತೇನೆ, ಇನ್ನೇನು ಮಾಡಲಿ.

ನಿನ್ನೆ ಪೋಷಕರ ಸಭೆಯಿತ್ತು. ಡ್ರೈವರನ ಮಗಳು ಈ ವರ್ಷ ಒಂದನೇ ತರಗತಿಗೆ. “ಪರೀಕ್ಷೇನೇ ಇಲ್ಲ ಅಂದ್ರೆ ಮಕ್ಕಳು ಯಾಕೆ ಓದ್ತಾವೆ? ಪ್ರೈವೇಟ್ ಶಾಲೇಲಿ ವಾರವಾರ ಟೆಸ್ಟ್ ಇಡ್ತಾರಂತೆ” ಎಂದು ಎದ್ದು ನಿಂತ. ನಾನು ವಾದಕ್ಕಿಳಿಯಲಿಲ್ಲ. ಜೊತೆಗೆ ಬಂದಿದ್ದ ಅವನ ಮಗನನ್ನೇ ಕರೆದು, ಅಪ್ಪನ ಊಟದ ಡಬ್ಬಿಯನ್ನು ತಕ್ಕಡಿಯಲ್ಲಿ ತೂಗಿಸಿದೆ. ಹುಡುಗ ಒಂದೊಂದೇ ಬಟ್ಟು ಇಟ್ಟು, ಕೂಡಿಸಿ ತೂಕ ಹೇಳಿದ. ಆಮೇಲೆ ತಾನಾಗಿಯೇ, “ಇದು ಡಬ್ಬೀನೂ ಸೇರಿ. ಖಾಲಿ ಡಬ್ಬಿದು ಕಳೆದ್ರೆ ಊಟದ್ದು ಸಿಗುತ್ತೆ” ಎಂದ. ಅಪ್ಪ ತನ್ನ ಜಾಗಕ್ಕೆ ಹೋಗಿ ಕೂತ. ಒಬ್ಬೊಬ್ಬರಾಗಿ ಬಂದು ಮಕ್ಕಳ ಹೆಸರು ಬರೆಸಿದರು. ಶಾಲೆ ಉಳಿಯಲು ಬೇಕಾದಷ್ಟೇ ಮಕ್ಕಳು, ಒಂದೂ ಹೆಚ್ಚಿಲ್ಲ, ಆದರೂ ನಿನ್ನಕ್ಕ ಗೆದ್ದಳು ಕಣೇ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಜೋಪಾನ. ಮನೆಮಂದಿಯೆಲ್ಲ ನಗುನಗುತ್ತಾ ಇರಿ.

ಇಂತಿ,
ನಿನ್ನ ಅಕ್ಕ

ಮಡಿಸಿದ ಪತ್ರವನ್ನು ಮತ್ತೆ ಬಿಚ್ಚಿದೆ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಎಲ್ಲರೂ ಹೊರಟಮೇಲೆ ಡ್ರೈವರ್ ಹಿಂದುಳಿದ. “ತಕ್ಕಡಿ ಗಿಕ್ಕಡಿ ಬಿಡಿ ಟೀಚರ್. ನಿಮ್ ಮೊಮ್ಮಗಳೂ ಇದೇ ಕ್ಲಾಸಿಗೆ ಬರ್ತಾಳಲ್ಲ, ನನಗೆ ಅಷ್ಟು ಸಾಕು” ಎಂದ. ನಾನು ಹೂಂ ಎಂದು ತಲೆಯಾಡಿಸಿಬಿಟ್ಟೆ. ನನ್ನ ಮಗ ಅವಳನ್ನು ಹೋದ ವಾರವೇ ಆ ಟೆಸ್ಟಿನ ಶಾಲೆಗೆ ಸೇರಿಸಿದ್ದಾನೆ. “ಅಮ್ಮಾ, ನಿನ್ನ ಶಾಲೆ ಒಳ್ಳೇದೇ. ಆದ್ರೆ ನನ್ನ ಮಗಳ ಮೇಲೆ ಪ್ರಯೋಗ ಬೇಡ” ಎಂದ. ಊರನ್ನೆಲ್ಲ ಒಪ್ಪಿಸಿದವಳಿಗೆ ಸ್ವಂತ ಮಗನನ್ನು ಒಪ್ಪಿಸಲಾಗಲಿಲ್ಲ ಕಣೇ.

ಸೋಮವಾರ ಶಾಲೆ ಶುರು. ನಾಳೆಯೇ ಡ್ರೈವರನ ಮನೆಗೆ ಹೋಗಿ ಇದ್ದದ್ದನ್ನು ಹೇಳುತ್ತೇನೆ. ಅವನು ಮಗಳ ಹೆಸರು ತೆಗೆಸಿದರೆ ಶಾಲೆ ಉಳಿಯುವುದಿಲ್ಲ. ಆದರೂ ಹೋಗುತ್ತೇನೆ.