ಮೂರು ಸಾಲು ಆದ ಮೇಲಿನ ಜಾಗ

ಮಹಡಿ ಮನೆ, ಕಿಟಕಿ ಪಕ್ಕದ ಕುರ್ಚಿ
ಫೆಬ್ರವರಿ ಎಂಟು, ಭಾನುವಾರ

ನನ್ನ ಮುದ್ದು ಗುಡುಗಪ್ಪನಿಗೆ ಅಜ್ಜಿಯ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯೋ? ಮೊದಲು ನಿನ್ನ ಕಿವಿಯ ಸಮಾಚಾರ ಬರೆ, ಉಳಿದದ್ದೆಲ್ಲ ಆಮೇಲೆ. ಡ್ರಮ್ ಬಾರಿಸುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಇಲ್ಲ ಗೆಳೆಯರು ನಗುತ್ತಾರೆ ಎಂದು ಜೇಬಿನಲ್ಲಿ ಇಟ್ಟುಕೊಳ್ಳುತ್ತೀಯೋ? ಬಟ್ಟೆ ಮಿಲ್ಲಿನಲ್ಲಿ ನಾವೂ ಹಾಗೆಯೇ ಮಾಡಿದವರು. ಮನೆಗೊಬ್ಬಳು ಕಿವುಡಿ ಸಾಕು, ಅದನ್ನೂ ವಂಶದ ಆಸ್ತಿ ಮಾಡಬೇಡ. ಬ್ಯಾಂಡಿನ ವ್ಯಾನಿನಲ್ಲಿ ಮಲಗಿ ಮಲಗಿ ಕುತ್ತಿಗೆ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಹೊತ್ತು ಹೊತ್ತಿಗೆ ಹೊಟ್ಟೆಗೆ ಏನಾದರೂ ಬೀಳುತ್ತಿದೆಯಾ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬಲಗಿವಿ ಎಂದೋ ಬಾಗಿಲು ಹಾಕಿಕೊಂಡಿತ್ತು, ಈ ಚಳಿಗಾಲದಲ್ಲಿ ಎಡಗಿವಿಯೂ ಅದರ ದಾರಿ ಹಿಡಿಯಿತು. ಇನ್ನು ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಅವರ ಅಕ್ಷರಕ್ಕಿಂತ ನನ್ನ ಅಕ್ಷರವೇ ದುಂಡಗಿದೆ.

ನಿನ್ನ ಅಮ್ಮನ ಮೇಲೆ ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಪಾಪ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ನಿಂತು ಬರುತ್ತಾಳೆ, ಬಂದವಳೇ ಒಲೆ ಹಚ್ಚುತ್ತಾಳೆ. ಆದರೆ ಅವಳಿಗೆ ಬೆನ್ನು ತಿರುಗಿಸಿ ಮಾತಾಡುವ ಅಭ್ಯಾಸ. ಒಲೆಯ ಕಡೆ ಮುಖ ಮಾಡಿ ಏನೋ ಕೇಳುತ್ತಾಳೆ, ನನಗೆ ಕಾಣುವುದು ಅವಳ ತುರುಬು. ತುರುಬು ಎಷ್ಟು ಅಲ್ಲಾಡಿತು ಎಂಬುದರ ಮೇಲೆ ಸಿಟ್ಟೋ ಸಮಾಧಾನವೋ ಎಂದು ಅಂದಾಜು ಮಾಡುತ್ತೇನೆ. ಉತ್ತರ ಬರಲಿಲ್ಲವೆಂದು ತಿರುಗಿದಾಗ ತುಟಿಗಳನ್ನು ಹಿಗ್ಗಿಸಿ ಕುಗ್ಗಿಸಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಾಳೆ. ಹಾಗೆ ಹೇಳಿದರೆ ಯಾವ ತುಟಿಯನ್ನೂ ಓದಲಾಗುವುದಿಲ್ಲ ಮಗಾ, ಮೀನು ಬಾಯಿ ಬಿಟ್ಟ ಹಾಗೆ ಕಾಣುತ್ತದೆ. ನೀನೊಬ್ಬನೇ ಚಿಕ್ಕಂದಿನಲ್ಲಿ ನನ್ನ ಗಲ್ಲ ಹಿಡಿದು ಮುಖವನ್ನು ನಿನ್ನ ಕಡೆ ತಿರುಗಿಸಿಕೊಂಡು ಆಮೇಲೆ ಮಾತು ಶುರು ಮಾಡುತ್ತಿದ್ದೆ. ಫೋನಿನಲ್ಲಿ ಮುಖ ನೋಡಿ ಮಾತಾಡೋಣ ಎನ್ನುತ್ತೀಯ, ಆದರೆ ಅಲ್ಲಿ ನಿನ್ನ ತುಟಿ ಅರ್ಧಕ್ಕೆ ನಿಂತು, ಆಮೇಲೆ ಜಿಗಿದು ಇನ್ನೆಲ್ಲೋ ಹೋಗಿರುತ್ತದೆ. ಅಮ್ಮನ ಫೋನಿಗೆ ಬರೆದು ಕಳಿಸಿದರೆ ಅವಳು ಮೊದಲು ಓದಿ, ತನಗೆ ಬೇಕಾದಷ್ಟನ್ನು ನನಗೆ ತೋರಿಸುತ್ತಾಳೆ. ಅದಕ್ಕೇ ಈ ಕಾಗದ. ಇದನ್ನು ಅಂಟಿಸಿಯೇ ಅವಳ ಕೈಗೆ ಕೊಡುತ್ತೇನೆ.

ಒಂದು ಕೆಟ್ಟ ಸುದ್ದಿ. ಗಂಟಕ್ಕ ಹೋದಳು, ಹೋದ ತಿಂಗಳು. ನಿನಗೆ ನೆನಪಿದ್ದಾಳಲ್ಲ? ಮಿಲ್ಲಿನಲ್ಲಿ ನನ್ನ ಮಗ್ಗಕ್ಕೆ ಎದುರಾಗಿ ಅವಳ ಮಗ್ಗ. ಹರಿದ ಎಳೆಯನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಂಟು ಹಾಕುತ್ತಿದ್ದಳು, ಅದಕ್ಕೇ ಆ ಹೆಸರು. ಮಿಲ್ಲು ಮುಚ್ಚಿದ ಮೇಲೂ ಭಾನುವಾರ ಭಾನುವಾರ ಬಸ್ ನಿಲ್ದಾಣದ ಬೆಂಚಿನ ಮೇಲೆ ನಾವಿಬ್ಬರೂ ಎದುರುಬದುರಾಗಿ ಓರೆಯಾಗಿ ಕೂತು, ಒಂದು ಚೂರೂ ದನಿ ಹೊರಡಿಸದೆ, ಬರೀ ತುಟಿಯಲ್ಲಿ ಲೋಕದ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದೆವು. ಇಬ್ಬರು ಮುದುಕಿಯರು ಏನನ್ನೋ ಅಗಿಯುತ್ತಿದ್ದಾರೆ ಎಂದು ಬಸ್ಸಿನವರು ತಿಳಿದುಕೊಂಡಿದ್ದರೇನೋ. ಎಷ್ಟು ಜನರ ಮೇಲೆ ಎಷ್ಟೆಲ್ಲ ಮಾತಾಡಿದೆವು, ಅವರ ಎದುರಿಗೇ! ಈಗಲೂ ಭಾನುವಾರ ಹೋಗಿ ಕೂರುತ್ತೇನೆ. ಎದುರಿನ ಅಂಗಡಿಯ ಗಂಡಹೆಂಡಿರ ಜಗಳವನ್ನು ಗಾಜಿನಾಚೆಯಿಂದ ಪೂರ್ತಿ ಓದುತ್ತೇನೆ, ಆದರೆ ಅದನ್ನು ಯಾರಿಗೆ ಹೇಳಲಿ? ಮೊನ್ನೆ ತಿಳಿಯದೆಯೇ ನನ್ನ ತುಟಿ ಅಲ್ಲಾಡಿತು. ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ಆಚೆ ಸರಿದಳು. ತುಂಬಾ ಒಂಟಿ ಅನ್ನಿಸುತ್ತದೆ ಮಗಾ, ಸುಳ್ಳು ಯಾಕೆ ಹೇಳಲಿ.

ಸರಿ, ಅಳುಮುಂಜಿ ಮಾತು ಸಾಕು. ನಿನ್ನ ಕಾಗದವೂ ಹಾಡಿನ ತಟ್ಟೆಯೂ ಬಂದವು. ಫೋಕ್ ಮೆಟಲ್ ಎಂದರೆ ಏನು, ಎಲ್ಲಿ ಹುಟ್ಟಿತು ಎಂದು ನಾನು ಕೇಳಿದ್ದಕ್ಕೆ ಮೇಷ್ಟರ ಹಾಗೆ ಎಷ್ಟು ಪುಟ ಬರೆದಿದ್ದೀಯೋ! ಮೂರು ಸಲ ಓದಿದೆ. ನಿನ್ನ ಅಮ್ಮ ಇನ್ನೂ ಹರೆಯದಲ್ಲಿದ್ದ ಕಾಲಕ್ಕೆ, ಒಂದು ದ್ವೀಪದ ದೇಶದಲ್ಲಿ, ಮೆಟಲ್ ಎಂಬ ಗದ್ದಲದ ಸಂಗೀತ ಬಾರಿಸುವ ಹುಡುಗರು ತಮ್ಮ ಹಳ್ಳಿಗಾಡಿನ ಕುಣಿತದ ಮಟ್ಟುಗಳನ್ನೂ ಪಿಟೀಲನ್ನೂ ಕರೆಂಟಿನ ಗಿಟಾರುಗಳ ನಡುವೆ ತಂದು ಕೂರಿಸಿದರಂತೆ. ಮೊದಮೊದಲು ಅವರ ಹಿಂದೆ ಹೋದವರು ಕಡಿಮೆಯಂತೆ. ಕೆಲವು ವರ್ಷ ಕಳೆದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಬೇರೆ ಬೇರೆ ದೇಶಗಳಲ್ಲಿ, ತಮ್ಮ ತಮ್ಮ ಅಟ್ಟದ ಮೇಲಿನದನ್ನು ಕೆಳಗಿಳಿಸಿದರು. ಒಬ್ಬರು ಚೀಲ ಒತ್ತಿ ಊದುವ ವಾದ್ಯ, ಒಬ್ಬರು ಚಕ್ರ ತಿರುಗಿಸಿ ನುಡಿಸುವ ತಂತಿವಾದ್ಯ, ಮರುಭೂಮಿಯ ಕಡೆಯವರು ತಮ್ಮ ತಂತಿವಾದ್ಯ, ಹಿಮದ ನಾಡಿನವರು ಹಳೆಯ ವೀರರ ಕಥೆ. ಆಮೇಲೆ ಉತ್ತರದ ಚಳಿದೇಶಗಳಲ್ಲಿ ಅದು ಹತ್ತಿಕೊಂಡು ಉರಿಯಿತು, ಕುಣಿಯುವವರಿಗೂ ಕುಡಿಯುವವರಿಗೂ ಬೇಕಾಯಿತು. ಈಗ ಕುದುರೆ ಸಾಕುವ ಹುಲ್ಲುಗಾವಲಿನವರೂ ಗಂಟಲಿನೊಳಗೆ ಎರಡು ದನಿ ಹೊರಡಿಸಿ ಹಾಡುತ್ತಾರೆ ಎಂದು ಬರೆದಿದ್ದೀಯ. ಎಷ್ಟೋ ಹಾಡುಗಳ ಮಾತು ಆ ಊರಿನ ಅಜ್ಜಿಯರಿಗೆ ಮಾತ್ರ ತಿಳಿಯುತ್ತದೆ ಎಂದಿದ್ದೀಯಲ್ಲ, ಅದನ್ನು ಓದಿ ನನಗೆ ಒಳಗೊಳಗೇ ಖುಷಿಯಾಯಿತು. ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ಇದಕ್ಕೆ ಡಬ್ಬ ಉರುಳಿಸುವ ಸಂಗೀತ ಎಂದು ಹೆಸರಿಟ್ಟಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡ.

ಆದರೆ ನನ್ನದೊಂದು ತಕರಾರಿದೆ. ಕಬ್ಬಿಣದ ಗದ್ದಲಕ್ಕೆ ಹಳೆಯ ಹಾಡನ್ನು ಗಂಟು ಹಾಕುವ ಕೆಲಸ ನಿಮ್ಮ ದ್ವೀಪದ ಹುಡುಗರಿಗಿಂತ ಎಷ್ಟೋ ಮೊದಲು ನಾವು ಮಾಡಿದ್ದೆವು. ನಮಗೆ ಗಿಟಾರ್ ಇರಲಿಲ್ಲ, ಅಷ್ಟೇ. ತಟ್ಟೆ ಬಂದ ದಿನ ಅಮ್ಮ ಕೆಲಸಕ್ಕೆ ಹೋದ ಮೇಲೆ ನಾನು ಸ್ಪೀಕರನ್ನು ಮರದ ಪೆಟ್ಟಿಗೆಯ ಮೇಲೆ ಬೋರಲು ಹಾಕಿ, ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ, ಚಪ್ಪಲಿ ಬಿಟ್ಟು ಕೂತೆ. ರೇಡಿಯೋದ ಹಾಡುಗಳು ನನ್ನ ಪಾಲಿಗೆ ಸತ್ತು ಎಷ್ಟೋ ಕಾಲವಾಯಿತು. ನಿನ್ನದು ಮಾತ್ರ ಹಲಗೆಯಲ್ಲಿ ಬಂತು, ಕಾಲಲ್ಲಿ ಬಂತು, ಕೊನೆಗೆ ಹಲ್ಲಿನಲ್ಲೂ ಬಂತು. ನೀನು ಎರಡು ಕಾಲಲ್ಲೂ ಬಾರಿಸುವ ಆ ದೊಡ್ಡ ಡ್ರಮ್ಮು ಇದೆಯಲ್ಲ, ಅದು ನನ್ನ ಮಗ್ಗ ಕಣೋ. ಲಾಳಿ ಈ ಕಡೆಯಿಂದ ಹೋಗಿ ಬಡಿಯುವುದು, ಆ ಕಡೆಯಿಂದ ಬಂದು ಬಡಿಯುವುದು, ನಡುವೆ ಹಲಗೆ ಬಂದು ಎಳೆಯನ್ನು ಗುದ್ದುವುದು. ನೀನು ಮಗುವಾಗಿದ್ದಾಗ ನಿದ್ದೆ ಬರಿಸಲು ನಿನ್ನ ಬೆನ್ನು ತಟ್ಟುತ್ತಿದ್ದುದೂ ಅದೇ ಪೆಟ್ಟಿನಲ್ಲಿ, ನನಗೆ ಬೇರೆ ತಾಳ ಗೊತ್ತಿರಲಿಲ್ಲ. ನಿನಗೆ ಡ್ರಮ್ ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ನೋಡಿಕೊಂಡು ಉತ್ತರ ಹೇಳು. ಹಾಡಿನ ಮಧ್ಯೆ ಪೆಟ್ಟಿಗೆಯ ಮೇಲಿದ್ದ ನನ್ನ ಕೈ ತಾನಾಗಿಯೇ ಎಳೆ ಹುಡುಕುತ್ತಿತ್ತು. ಅಳು ಬಂತು, ಅತ್ತೆ. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಹೊರಡುವ ಹಿಂದಿನ ದಿನ ಅಡುಗೆ ಮೇಜಿನ ಎದುರು ನನ್ನನ್ನು ಕೂರಿಸಿ ಹಾಡಿಸಿಕೊಂಡೆಯಲ್ಲ, ಆ ಮಗ್ಗದ ಹಾಡು. ಎಳೆ ಬಂತು ಎಳೆ ಹೋಯ್ತು ಲಾಳಿಯ ಬೆನ್ನಿಗೆ, ಬೆಳಗಾಯ್ತು ಬೈಗಾಯ್ತು ಮಾಸಿದ ಗಾಜಿಗೆ, ನೇಯ್ದದ್ದು ನಾವಮ್ಮ ಉಡೋದು ಯಾರಮ್ಮ. ಮೂರು ಸಾಲು ಆದ ಮೇಲೆ ಪ್ರತಿಸಲವೂ ಒಂದು ಸಾಲಿನಷ್ಟು ಖಾಲಿ ಬರುತ್ತದೆ, ಅದು ಅಜ್ಜಿ ಉಸಿರು ಎಳೆದುಕೊಳ್ಳುವ ಜಾಗ, ಅಲ್ಲಿ ನನ್ನ ಡ್ರಮ್ಮು ತುಂಬಿದ್ದೇನೆ, ಹಾಗೆಯೇ ಕೊನೆಯ ಪ್ರತಿ ಮಾಡಿಬಿಡಲೇ ಎಂದು ಕೇಳಿದ್ದೀಯ. ತುಂಬಿದ್ದು ನನಗೆ ನಿನ್ನ ಕಾಗದದಲ್ಲಿ ಅದನ್ನು ಓದುವ ಮೊದಲೇ ಗೊತ್ತಾಯಿತು. ಆ ಜಾಗ ಬಂದಾಗ ಪೆಟ್ಟಿಗೆ ಸುಮ್ಮನಾಗಬೇಕಿತ್ತು, ಅದು ಕುದುರೆಯ ಹಾಗೆ ಕುಣಿಯಿತು. ನಕ್ಕುಬಿಟ್ಟೆ. ಮಿಲ್ಲಿನ ಹೆಂಗಸಿಗೆ ಉಸಿರು ಎಳೆದುಕೊಳ್ಳಲು ಒಂದು ಸಾಲಿನಷ್ಟು ಹೊತ್ತು ಯಾರು ಕೊಡುತ್ತಿದ್ದರೋ?

ಅಲ್ಲಿ ಸಾಲು ಇತ್ತು. ದನಿ ಇರಲಿಲ್ಲ, ಅಷ್ಟೇ. ಹಾಡಿದರೆ ಹೆಂಗಸರು ತೂಕಡಿಸುವುದಿಲ್ಲವೆಂದು ಮೇಸ್ತ್ರಿ ನಮಗೆ ಹಾಡಲು ಬಿಡುತ್ತಿದ್ದ. ಮಾತಾಡಿದರೆ ಮಾತ್ರ ಹೊರಗೆ ಕಳಿಸುತ್ತಿದ್ದ. ಆದ್ದರಿಂದ ಮೂರು ಸಾಲು ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹಾಡಿ, ನಾಲ್ಕನೆಯದನ್ನು ತುಟಿಯಲ್ಲಿ ಎದುರಿನವಳಿಗೆ ಹೇಳುತ್ತಿದ್ದೆವು. ಆ ಸಾಲು ಪ್ರತಿಸಲವೂ ಬೇರೆ, ಪ್ರತಿಯೊಬ್ಬಳದೂ ಬೇರೆ. ಮಗುವಿಗೆ ಜ್ವರ ಎಂದು ಒಬ್ಬಳು, ಇವತ್ತು ಮೇಸ್ತ್ರಿಯ ಅಂಗಿ ತಿರುಗುಮುರುಗಾಗಿದೆ ನೋಡು ಎಂದು ಒಬ್ಬಳು. ಉತ್ತರ ಬೇಕಾದರೆ ಮತ್ತೆ ಮೂರು ಸಾಲು ಹಾಡಿ ಮುಗಿಸುವವರೆಗೆ ಕಾಯಬೇಕು. ನಿನ್ನ ತಾತ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ ಗಂಟಕ್ಕ ಆ ಜಾಗದಲ್ಲಿ ನನಗೆ, ‘ರಾತ್ರಿ ನಮ್ಮನೇಲೇ ಮಲಗು ಬಾ’ ಎಂದಳು. ನಾನು ಮೂರು ಸಾಲು ಹಾಡಿ ಹೂಂ ಎಂದೆ. ಅಷ್ಟು ಗದ್ದಲದಲ್ಲಿ ಅಷ್ಟು ಮೆತ್ತಗಿನ ಮಾತನ್ನು ಇನ್ನೆಲ್ಲೂ ನಾನು ಕಂಡಿಲ್ಲ. ಹಾಡು ಎಂದು ನೀನು ತೆಗೆದುಕೊಂಡು ಹೋಗಿರುವುದು ಬರೀ ಬೇಲಿ, ನಾವು ಬದುಕಿದ್ದು ಆ ಖಾಲಿ ಜಾಗದಲ್ಲಿ. ಅದನ್ನು ತುಂಬಬೇಡ. ಎಲ್ಲರೂ ಕೈ ನಿಲ್ಲಿಸಿ, ಗಿಟಾರಿನವನಿಗೂ ಪಿಟೀಲಿನ ಹುಡುಗಿಗೂ ಹೇಳು. ಕೇಳುವವರು ತಟ್ಟೆ ಕೆಟ್ಟಿದೆ ಎಂದುಕೊಂಡರೆ ಎಂದುಕೊಳ್ಳಲಿ. ಗಂಟಕ್ಕ ಹೋದ ಮೇಲೆ ಅಲ್ಲೊಂದು ಸಾಲಿದೆ ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ, ನಾನೂ ಹೋದರೆ ಅದು ನಿಜವಾಗಿಯೂ ಬರೀ ಉಸಿರು ಎಳೆದುಕೊಳ್ಳುವ ಜಾಗವಾಗಿಬಿಡುತ್ತದೆ.

ಹಾಳೆ ಮುಗಿಯುತ್ತಾ ಬಂತು. ಅಮ್ಮ ನಿನ್ನನ್ನು ನೆನಪಿಸಿಕೊಳ್ಳುತ್ತಿರುತ್ತಾಳೆ, ಬೆನ್ನು ತಿರುಗಿಸಿಕೊಂಡೇ. ನಿನ್ನ ಬ್ಯಾಂಡಿನ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು, ಆ ಅಬ್ಬರಿಸಿ ಹಾಡುವ ಹುಡುಗನಿಗೆ ಬಿಸಿನೀರು ಕುಡಿಯಲು ಹೇಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹೋದಲ್ಲೆಲ್ಲ ನಿನಗೆ ಎದುರಿಗೆ ನಿಂತು ಮಾತಾಡುವವರು ಸಿಗಲಿ.

ಇಂತು ನಿನ್ನ
ಕಿವುಡಜ್ಜಿ

ಮರೆತಿದ್ದೆ: ಅಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆ ದಿನ ಅಡುಗೆ ಮೇಜಿನ ಎದುರು ಹಾಡುವಾಗ ಖಾಲಿ ಜಾಗ ಮೂರು ಸಲ ಬಂದಿತ್ತು. ನೀನು ಹಾಡು ಹಿಡಿಯುವ ಮಿಷನ್ನಿನ ಮುಳ್ಳು ನೋಡುತ್ತಿದ್ದೆ, ನನ್ನ ಮುಖ ನೋಡಲಿಲ್ಲ. ಮೊದಲ ಸಲ, ನಿನ್ನ ಕೋಟಿನ ಗುಂಡಿ ಸಡಿಲವಾಗಿದೆ, ಕೊಡು ಹೊಲಿಯುತ್ತೇನೆ ಎಂದಿದ್ದೆ. ಎರಡನೆಯ ಸಲ, ಅಮ್ಮ ಒಳಗೆ ಅಳುತ್ತಿದ್ದಾಳೆ, ಹೋಗಿ ನೋಡು ಎಂದಿದ್ದೆ. ಮೂರನೆಯ ಸಲ, ಹೋಗಬೇಡ ಎಂದಿದ್ದೆ. ಈಗ ಅದಕ್ಕಾಗಿ ಎದ್ದುಬಿದ್ದು ಓಡಿ ಬರಬೇಡ, ನಿನ್ನ ಕೆಲಸ ಮುಗಿಸು. ನಿನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಕೂತು ಆ ಹಾಡು ಹಾಡಿ, ವಿಡಿಯೋ ಮಾಡಿ ಕಳಿಸು, ಅದಾದರೆ ನಡುವೆ ನಿಲ್ಲುವುದಿಲ್ಲ. ದನಿ ಇಲ್ಲದಿದ್ದರೂ ಪರವಾಗಿಲ್ಲ. ಮೂರು ಸಾಲು ಆದ ಮೇಲೆ ನಿನಗೆ ಏನು ಹೇಳಬೇಕೋ ಹೇಳು. ನಾನು ಇಲ್ಲಿ ಮೂರು ಸಾಲು ಹಾಡಿ ಉತ್ತರ ಕೊಡುತ್ತೇನೆ, ನಿನಗೆ ಕಾಣದಿದ್ದರೂ.