ಕೊಕ್ಕರೆಯ ತಾಯಿಗೆ ಏನು ಬರೆಯಲಿ

ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಮೂರೂ ಕಾಗದ ಬಂದಿವೆ. ಉತ್ತರ ಬರೆಯದಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಬೈಸಿಕೊಳ್ಳಲು ತಯಾರಿದ್ದೇನೆ. ನಾನು ಚೆನ್ನಾಗಿದ್ದೇನೆ, ಕೈಕಾಲು ನೆಟ್ಟಗಿವೆ. ಭಾವನವರು ಕಳಿಸಿದ ಕಾಲುಚೀಲ ಪೂರ್ತಿ ಒಂದು ವಾರ ಬಾಳಿತೆಂದು ಅವರಿಗೆ ಹೇಳು.

ಕೊಕ್ಕರೆ ಹೋಗಿಬಿಟ್ಟ. ಹೋದ ಬುಧವಾರ. ನೋಡು, ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಬಾಯಲ್ಲಿ ಮಾತ್ರ ಇನ್ನೂ ಬರುತ್ತಿಲ್ಲ. ರಜೆಯಲ್ಲಿ ನನ್ನ ಜೊತೆ ಬಂದು, ನಿಮ್ಮ ಬಾಗಿಲಿಗೆ ಹಣೆ ಬಡಿಸಿಕೊಂಡು, "ಅಕ್ಕಾ, ಬಾಗಿಲಿಗೆ ಏಟಾಗಿಲ್ಲ ತಾನೆ?" ಅಂದನಲ್ಲ, ಅದೇ ಉದ್ದಕಾಲಿನವನು.

ಎಂಟು ತಿಂಗಳು ಒಂದೇ ಬಂಕರಿನಲ್ಲಿದ್ದೆವು. ಮಣ್ಣುಚೀಲದ ಗೋಡೆ, ಮಲಗಲು ಎರಡು ಹಲಗೆ, ಅಷ್ಟೇ. ಅವನ ಕಾಲು ಹಲಗೆಯಿಂದ ಆಚೆ ಚಾಚಿರುತ್ತಿತ್ತು. ನಾನು ದಿನಾ ಎಡವುತ್ತಿದ್ದೆ, ದಿನಾ ಜಗಳ. ಈಗ ಹಲಗೆ ಖಾಲಿ, ಆದರೂ ಕಾಲೆತ್ತಿ ದಾಟುತ್ತೇನೆ. ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ.

ಅವತ್ತು ನೀರಿನ ಸರದಿ ಅವನದು. ತೊಟ್ಟಿ ಗುಡ್ಡದ ಬುಡದಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಕ್ಯಾನು ಹಿಡಿದು ಇಳಿದ. ಎದುರಿಗಿದ್ದವನ ಮುಖ ಕಾಣದಷ್ಟು ಮಂಜು. ಮೂರು ನಾಲ್ಕು ಷೆಲ್ ಬಿದ್ದವು. ದಿನಾ ಬೀಳುತ್ತವೆ, ಯಾರು ಎಣಿಸುತ್ತಾರೆ? ಹನ್ನೆರಡಕ್ಕೆ ಮಂಜು ಸರಿಯಿತು. ಬೈಯಲು ನಾಲ್ಕು ಮಾತು ಸಿದ್ಧ ಮಾಡಿಕೊಂಡೇ ಇಳಿದೆ. ಬಂಡೆಗೆ ಒರಗಿ ಕೂತಿದ್ದ. ರಕ್ತ ನಿಲ್ಲಲೆಂದು ತೊಡೆಗೆ ತಾನೇ ಬೆಲ್ಟು ಬಿಗಿದುಕೊಂಡಿದ್ದ. ಪಕ್ಕದಲ್ಲಿ ಕ್ಯಾನು ನೆಟ್ಟಗಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ಆ ನೀರನ್ನೇ ನಾವೆಲ್ಲ ಕುಡಿದೆವು ಅಕ್ಕಾ, ಬೇರೆ ಇರಲಿಲ್ಲ.

ಸಾಹೇಬರು ಕರೆದು, "ಅವನ ತಾಯಿಗೆ ನೀನೇ ಬರಿ, ಜೊತೇಲಿದ್ದೋನು ನೀನು. ತಕ್ಷಣ ಹೋದ, ನೋವಾಗಲಿಲ್ಲ ಅಂತ ಬರಿ. ಎಲ್ರ ಮನೆಗೂ ಹಾಗೇ ಬರೆಯೋದು" ಅಂದರು. ಆರು ಹಾಳೆ ಹರಿದೆ. ಮಗನಿಗೆ ಸ್ವೆಟರ್ ಹೆಣೆಯುವಾಗ ನನಗೂ ಒಂದು ಹೆಣೆದು ಕಳಿಸಿದ ತಾಯಿ ಅವರು. ಅವರಿಗೆ ಸುಳ್ಳು ಬರೆಯಲು ಕೈ ಬರುತ್ತಿಲ್ಲ, ನಿಜ ಬರೆಯಲು ಧೈರ್ಯ ಸಾಲುತ್ತಿಲ್ಲ. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ಟೀಚರ್ ನೀನು, ಈ ದಡ್ಡನಿಗೂ ಹೇಳು.

ಪುಟ್ಟಿಗೆ ಬಿದ್ದ ಹಲ್ಲಿನ ಜಾಗದಲ್ಲಿ ಬೇಗ ಹೊಸದು ಬರಲಿ, ನೂರು ವರ್ಷ ಬಾಳಲಿ. ಅಮ್ಮನಿಗೆ ಈ ಕಾಗದ ಓದಿ ಹೇಳಬೇಡ.

ಇಂತಿ,
ನಿನ್ನ ತಮ್ಮ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿಜ ಏನೆಂದು ನಿನಗಾದರೂ ಹೇಳಬೇಕು. ಇಲ್ಲಿ ಗಂಟೆಗೊಮ್ಮೆ ಪ್ರತಿ ಬಂಕರಿಗೂ ಫೋನ್ ಮಾಡಿ, "ಎಷ್ಟು ಜನ ಇದ್ದೀರಿ?" ಎಂದು ಕೇಳುತ್ತಾರೆ. ಒಬ್ಬ ಕಮ್ಮಿಯಾದರೂ ತಕ್ಷಣ ಹುಡುಕಲು ಜನ ಹೊರಡುತ್ತಾರೆ. ತೊಟ್ಟಿಯ ಹತ್ತಿರ ಸಿಗರೇಟು ಸೇದುತ್ತಾ ಕೂತುಬಿಡುವುದು ಕೊಕ್ಕರೆಯ ಚಾಳಿ. ಅವನು ಬೈಸಿಕೊಳ್ಳಬಾರದೆಂದು ನಾನು ಯಾವಾಗಲೂ "ಇಬ್ರೂ ಇದ್ದೀವಿ" ಎಂದುಬಿಡುತ್ತಿದ್ದೆ. ಅವತ್ತು ಒಂಬತ್ತಕ್ಕೆ ಹಾಗೇ ಹೇಳಿದೆ. ಹತ್ತಕ್ಕೂ ಹೇಳಿದೆ. ಹನ್ನೊಂದಕ್ಕೂ ಹೇಳಿದೆ. ನಾನು ಹೋಗಿ ಮುಟ್ಟಿದಾಗ ಅವನ ಮೈ ಇನ್ನೂ ಬೆಚ್ಚಗಿತ್ತು, ಅಕ್ಕಾ.