ಎಂಟು ಕೈ ನೋಡಿದ ಕುದುರೆ

ಗಾಡಿ ಅಕ್ಕನವರಿಗೆ,

ನಮಸ್ಕಾರ. ಸೋಮವಾರ ಹೊಸ ಕುದುರೆಮರಿಯನ್ನು ನಮ್ಮ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಕರೆತರುತ್ತೀರಂತೆ. "ಆ ದೊಡ್ಡ ಡಾಕ್ಟ್ರೇ ಇಂಜೆಕ್ಷನ್ ಕೊಡ್ಬೇಕು, ಬೇರೆಯವ್ರು ಮುಟ್ಟೋದು ಬೇಡ" ಎಂದು ಅಟೆಂಡರ್ ಹತ್ತಿರ ಹೇಳಿಕಳಿಸಿದ್ದೀರಿ. ಅವನು ನಗುತ್ತಾ, "ಹಳೇ ಕುದುರೇನ ಎಂಟು ಜನ ಡಾಕ್ಟ್ರು ನೋಡಿದ್ರು ಅಂತ ಅಕ್ಕ ಇಡೀ ಬೀದಿಗೆ ಹೇಳ್ಕೊಂಡು ಓಡಾಡ್ತಾರೆ ಸಾರ್" ಎಂದ. ನಾನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ.

ಅಕ್ಕಾ, ಆ ಎಂಟು ಜನರಲ್ಲಿ ಡಾಕ್ಟರೆಂದರೆ ನಾನೊಬ್ಬನೇ. ಎರಡು ವರ್ಷದಿಂದ ಇದನ್ನು ನಿಮಗೆ ಹೇಳಿಲ್ಲ.

ಅವತ್ತು ನೀವು ತರಕಾರಿ ಗಾಡಿ ಬಿಚ್ಚಿಟ್ಟು, ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ನಿಮ್ಮ ಹೆಣ್ಣುಕುದುರೆಯನ್ನು ನಡೆಸಿಕೊಂಡೇ ಬಂದಿರಿ. ಚೀಟಿ ಬರೆಯುವಾಗ ಹೆಸರು ಕೇಳಿದರೆ "ಸೋಂಬೇರಿ" ಎಂದಿರಿ, ವಿದ್ಯಾರ್ಥಿಗಳು ನಕ್ಕರು. "ಹೆಸ್ರಿಗಷ್ಟೇ ಕಣ್ರೋ, ನನಗಿಂತ ಮೊದ್ಲು ಎದ್ದು ಕಾಯ್ತಿರ್ತಾಳೆ" ಎಂದು ಅವಳ ಕತ್ತು ಸವರಿದಿರಿ.

ನಾನು ಭುಜದವರೆಗೆ ಗ್ಲೌಸ್ ಹಾಕಿಕೊಂಡು ಹಿಂದಿನಿಂದ ಒಳಗೆ ಕೈಯಿಟ್ಟು ನೋಡಿದೆ. ಕರುಳು ತಿರುಚಿಕೊಂಡಿತ್ತು. ಅಷ್ಟು ಸ್ಪಷ್ಟವಾಗಿ ಕೈಗೆ ಸಿಗುವುದು ಅಪರೂಪ. "ಒಳ್ಳೆ ಕೇಸು!" ಎಂದುಬಿಟ್ಟೆ. ನಿಮ್ಮ ಮುಖ ಅರಳಿತು. ನಮ್ಮಲ್ಲಿ ಒಳ್ಳೆ ಕೇಸು ಎಂದರೆ ಪಾಠಕ್ಕೆ ಒಳ್ಳೆಯದು, ಪ್ರಾಣಿಗೆ ಬಹುಮಟ್ಟಿಗೆ ಕೆಟ್ಟದ್ದು. ನೀವು ಬೇರೆಯೇ ತಿಳಿದುಕೊಂಡಿರಿ ಎಂದು ಗೊತ್ತಾಯಿತು. ತಿದ್ದಲಿಲ್ಲ.

ತಕ್ಷಣ ಆಪರೇಷನ್ ಮಾಡಬೇಕಿತ್ತು. ಎಲ್ಲವೂ ಸಿದ್ಧವಿತ್ತು. ಆದರೆ ನಾನು ಮೇಷ್ಟ್ರೂ ಹೌದಲ್ಲ! "ಈ ಮಕ್ಕಳೂ ನೋಡ್ಲಾ?" ಎಂದು ಕೇಳಿದೆ. "ನೋಡ್ಲಿ ಸ್ವಾಮಿ, ಎಷ್ಟು ಜನ ನೋಡಿದ್ರೆ ಅಷ್ಟು ಒಳ್ಳೇದು" ಎಂದಿರಿ. ಬಿಳಿ ಕೋಟು ನೋಡಿ ಅವರೂ ಡಾಕ್ಟರೇ ಎಂದುಕೊಂಡಿರಿ. ಏಳು ಜನ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಕೈಯಿಟ್ಟು ನೋಡಿದರು. ನಾಲ್ಕನೆಯವಳು, "ಸರ್, ಟೈಮ್ ಆಗ್ತಿದೆ ಅಲ್ವಾ?" ಎಂದಳು. "ಇಂಥದ್ದು ಮತ್ತೆ ಸಿಗಲ್ಲಮ್ಮ" ಎಂದು ಅವಳ ಬಾಯಿ ಮುಚ್ಚಿಸಿದೆ. ಮುಕ್ಕಾಲು ಗಂಟೆ ಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೊಟ್ಟೆ ತೆರೆದಾಗ ಕರುಳು ಕಪ್ಪಾಗಿತ್ತು. ಅವಳು ಮೇಜಿನ ಮೇಲೇ ಹೋದಳು.

ಬೇಗ ಕೊಯ್ದಿದ್ದರೆ ಖಂಡಿತ ಉಳಿಯುತ್ತಿದ್ದಳು ಎನ್ನಲಾರೆ. ಉಳಿಯಲು ಅವಳಿಗಿದ್ದ ಹೊತ್ತನ್ನು ನಾನು ಪಾಠಕ್ಕೆ ಬಳಸಿಕೊಂಡೆ. ಹೊರಗೆ ಬಂದು, "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ" ಎಂದೆ. ನೀವು ಕಣ್ಣೊರೆಸಿಕೊಂಡು ನನಗೂ ಆ ಏಳು ಜನಕ್ಕೂ ಕೈಮುಗಿದಿರಿ. ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ತಿರುಗಿ ಕೈಮುಗಿದು ಒಳಗೆ ಹೋದೆ.

ಈ ಆಸ್ಪತ್ರೆ ಇರುವುದೇ ಕಲಿಸುವುದಕ್ಕೆ, ನಿಜ. ತಿರುಚಿದ ಕರುಳು ಹೇಗಿರುತ್ತದೆ ಎಂದು ಅವತ್ತು ಅವರಿಗೆ ಕಲಿಸಿದೆ. ಸುಳ್ಳು ಹೇಗೆ ಹೇಳಬೇಕೆಂಬುದನ್ನೂ ಅವರು ನನ್ನಿಂದಲೇ ಕಲಿತರು. ನನಗೆ ನಾಚಿಕೆಯಾಗುತ್ತಿದೆ, ಅಕ್ಕಾ.

ಸೋಮವಾರ ಮರಿಯನ್ನು ಕರೆತನ್ನಿ. ನಾನು ಮುಟ್ಟುವುದು ಬೇಡವೆನಿಸಿದರೆ, ಅವತ್ತಿನ ಆ ನಾಲ್ಕನೆಯವಳು ಈಗ ಇಲ್ಲೇ ಡಾಕ್ಟರು, ಅವಳನ್ನು ಕೇಳಿ. ನಾನೂ ಅಲ್ಲೇ ಇರುತ್ತೇನೆ, ಹೊಸ ವಿದ್ಯಾರ್ಥಿಗಳೂ ಇರುತ್ತಾರೆ. ಬೈಯುವುದಿದ್ದರೆ ಅವರೆದುರೇ ಬೈಯಿರಿ. ಅವರು ಅದನ್ನೂ ಕಲಿಯಬೇಕು.

ನಿಮ್ಮ ಮರಿಯ ಆಯಸ್ಸು ಗಟ್ಟಿಯಿರಲಿ.

ತಲೆತಗ್ಗಿಸಿ,
ನೀವು ಕೈಮುಗಿದ ಡಾಕ್ಟರು